ಹೆಡತಲೆಯಲ್ಲಿ ಇಳಿದವರು

ಹೆಡತಲೆ, ನಂಜನಗೂಡು ತಾಲ್ಲೂಕು
14-6-2004

ಶ್ರೀ ಗೋಪಾಲಕೃಷ್ಣ ಅವರಿಗೆ ಇಂದ್ರಾಣಿಯ ನಮಸ್ಕಾರಗಳು.

ನಿನ್ನೆಯ ಪತ್ರಿಕೆಯಲ್ಲಿ ನಿಮ್ಮ ಪ್ರಕಟಣೆ ನೋಡಿದೆ. ‘ಶಿಖರ’ ಎಂಬ ಸೇನಾ ಹೆಲಿಕಾಪ್ಟರಿನ ಹಳೆಯ ಮಾದರಿಯೊಂದನ್ನು ಬೆಂಗಳೂರಿನ ಸಂಗ್ರಹಾಲಯದಲ್ಲಿ ಇಡಲು ಸಿದ್ಧಮಾಡುತ್ತಿದ್ದೀರಿ, ಅದು 1996ರ ಮಾರ್ಚ್ ತಿಂಗಳಲ್ಲಿ ನಂಜನಗೂಡಿನ ಸುತ್ತಮುತ್ತ ಎಲ್ಲೋ ತುರ್ತಾಗಿ ಇಳಿದಿತ್ತು, ಕಂಡವರು ಬರೆಯಬೇಕು, ಫೋಟೊ ಇದ್ದರೆ ಕಳಿಸಬೇಕು ಎಂದು ಅದರಲ್ಲಿತ್ತು. ಅದು ಇಳಿದದ್ದು ನಮ್ಮ ಹೊಲದಲ್ಲಿ. ಹುರುಳಿ ಕಿತ್ತು ಬರಿದಾಗಿದ್ದ ಹೊಲ. ಧೂಳು ಎಷ್ಟು ಎದ್ದಿತೆಂದರೆ ನಮ್ಮಪ್ಪ ಮಾದು ಅವರಿಗೆ ಎದುರಿಗಿದ್ದ ಎತ್ತು ಕಾಣದೆ ಹಗ್ಗ ಹಿಡಿದುಕೊಂಡು ನೆಲಕ್ಕೆ ಕೂತುಬಿಟ್ಟಿದ್ದರು. ನಾನಾಗ ಪಿಯುಸಿ ಓದುತ್ತಿದ್ದೆ.

ಫೋಟೊ ನಮ್ಮಲ್ಲಿಲ್ಲ. ಆದರೆ ನಿಮ್ಮಿಂದ ಒಂದು ಉಪಕಾರ ಆಗಬೇಕು. ಆ ದಿನ ಅದರಿಂದ ಇಳಿದ ಮೂವರಲ್ಲಿ ಒಬ್ಬರು ವಾಪಸು ಹೋಗಲಿಲ್ಲ. ಅಂದಿನಿಂದ ನಮ್ಮ ಮನೆಯಲ್ಲೇ ಇದ್ದಾರೆ. ಹೆಸರು ಹೇಳುವುದಿಲ್ಲ. ಊರಿನವರು ಮೇಲಿನಿಂದ ಬಂದವರು ಎಂದು ‘ಮ್ಯಾಲ್ನಯ್ಯ’ ಎನ್ನುತ್ತಾರೆ. ಈಗ ಅವರ ಆರೋಗ್ಯ ಸರಿಯಿಲ್ಲ. ಅವರ ಕಡೆಯವರು ಯಾರು, ಊರು ಯಾವುದು ಎಂಬುದನ್ನು ನೀವು ತಿಳಿಸಿದರೆ, ಸಮಯಕ್ಕೆ ಹೇಳಿ ಕಳಿಸಬಹುದು ಎಂಬುದು ನಮ್ಮ ತಾಯಿ ಮುದ್ದಮ್ಮನವರ ಆಸೆ.

ಇಂತಿ,
ಇಂದ್ರಾಣಿ
ಸಹಶಿಕ್ಷಕಿ, ಕವಲಂದೆ

*

ಬೆಂಗಳೂರು
28-6-2004

ಶ್ರೀಮತಿ ಇಂದ್ರಾಣಿ ಅವರಿಗೆ,

ತಮ್ಮ ಪತ್ರ ತಲುಪಿತು, ಬಹಳ ಸಂತೋಷ. ಇಳಿದ ಜಾಗ ಹೆಡತಲೆ ಎಂಬುದೇ ನಮಗೆ ಖಚಿತವಿರಲಿಲ್ಲ. ನಮ್ಮವರು ‘ನಂಜನಗೂಡಿನ ಹತ್ತಿರ’ ಎಂದಷ್ಟೇ ಹೇಳುತ್ತ ಬಂದಿದ್ದರು.

ತಮಗೆ ಕುತೂಹಲವಿರಬಹುದೆಂದು ನಾಲ್ಕು ಮಾತು ಬರೆಯುತ್ತೇನೆ. ಸೇನೆಗೆ ಕೊಡುವ ಮೊದಲು ಪರೀಕ್ಷೆಗೆಂದು ಕಟ್ಟಿದ ಶಿಖರದ ಮಾದರಿಗಳು ಒಟ್ಟು ನಾಲ್ಕು. ನಿಮ್ಮ ಹೊಲಕ್ಕೆ ಬಂದದ್ದು ಎರಡನೆಯದು. 1993ರ ಚಳಿಗಾಲದಲ್ಲಿ ಮೊದಲ ಸಲ ಹಾರಿತು. ಎರಡು ಬೇಸಿಗೆ ರಾಜಸ್ಥಾನದ ಮರಳಿನಲ್ಲಿ, ಒಂದು ಚಳಿಗಾಲ ಲಡಾಖಿನಲ್ಲಿ, ಕೆಲವು ವಾರ ಕಾರವಾರದ ಕಡಲಿನಲ್ಲಿ ಹಡಗಿನ ಅಟ್ಟದ ಮೇಲೆ ಇಳಿದು ಏಳುವ ಪರೀಕ್ಷೆಗಳಲ್ಲಿ ಅದನ್ನು ದುಡಿಸಿದೆವು. ಸೇನೆಗೆ ಹೋದವೆಲ್ಲ ಇದರಿಂದ ಕಲಿತ ಪಾಠದ ಮೇಲೆ ಕಟ್ಟಿದವು. ಆ ಮಾರ್ಚಿನಲ್ಲಿ ಅದು ನೀಲಗಿರಿಯ ಕಡೆಗೆ ಪರೀಕ್ಷೆಗೆಂದು ಹೊರಟಿತ್ತು. ಬಾಲದ ಕಡೆ ನಡುಕ ಬಂದದ್ದರಿಂದ ಪೈಲಟ್ ಬುದ್ಧಿವಂತಿಕೆಯಿಂದ ಇಳಿಸಿದರು. 2001ರಲ್ಲಿ ಕೊನೆಯ ಹಾರಾಟ. ಆಮೇಲೆ ಎಂಜಿನ್ ತೆಗೆದು, ತರಬೇತಿಯ ಹುಡುಗರಿಗೆ ತೋರಿಸಲು ಶೆಡ್ಡಿನಲ್ಲಿ ಇಟ್ಟಿದ್ದರು. ಈ ಯುಗಾದಿಯ ಸುಮಾರಿಗೆ ಸಂಗ್ರಹಾಲಯಕ್ಕೆ ತಂದೆವು. ನಾನು ಪರೀಕ್ಷಾ ಹಾರಾಟದ ಎಂಜಿನಿಯರ್ ಆಗಿದ್ದವನು. ನಿವೃತ್ತಿಯಾದ ಮೇಲೆ ಅದನ್ನು ಮೊದಲಿದ್ದ ಹಾಗೆ ಮಾಡುವ ಕೆಲಸವನ್ನೂ ಅದರ ಚರಿತ್ರೆ ಬರೆಯುವ ಕೆಲಸವನ್ನೂ ವಹಿಸಿಕೊಂಡಿದ್ದೇನೆ.

ಇನ್ನು ತಮ್ಮ ಮನೆಯಲ್ಲಿರುವವರ ವಿಷಯ. ಆ ದಿನ ಅದರಲ್ಲಿದ್ದವರು ಇಬ್ಬರೇ. ಪೈಲಟ್ ಮುರಳೀಧರ, ತಂತ್ರಜ್ಞ ದೇವಯ್ಯ. ಇಬ್ಬರೂ ಅಂದೇ ಊಟಿ ತಲುಪಿದರು. ಗದ್ದಲದಲ್ಲಿ ದಾರಿಹೋಕನೊಬ್ಬ ಸೇರಿಕೊಂಡಿರಬೇಕು. ಅಂಥವರನ್ನು ಇಷ್ಟು ಕಾಲ ಸಾಕಿದ ತಮ್ಮ ತಾಯಿಯವರ ಮನಸ್ಸು ದೊಡ್ಡದು.

ವಿಶ್ವಾಸಿ,
ಗೋಪಾಲಕೃಷ್ಣ

*

ಹೆಡತಲೆ
11-7-2004

ಗೋಪಾಲಕೃಷ್ಣ ಅವರಿಗೆ ನಮಸ್ಕಾರ.

ದಾರಿಹೋಕ ಎಂದು ನೀವು ಬರೆದದ್ದನ್ನು ಓದಿ ಹೇಳಿದಾಗ ನಮ್ಮವ್ವ ನಕ್ಕಳು. ಅವಳು ಅವತ್ತು ಅಲ್ಲೇ ಇದ್ದವಳು. ಅವಳು ಕಂಡದ್ದನ್ನೂ ನಾನು ಕಂಡದ್ದನ್ನೂ ಸೇರಿಸಿ ಬರೆಯುತ್ತಿದ್ದೇನೆ. ದಯವಿಟ್ಟು ತಾಳ್ಮೆಯಿಂದ ಓದಿ.

ರೆಕ್ಕೆ ನಿಂತ ಮೇಲೆ ಮುಂದಿನಿಂದ ಒಬ್ಬರು ಇಳಿದರು, ಪಕ್ಕದ ಬಾಗಿಲಿನಿಂದ ಇಬ್ಬರು. ಒಬ್ಬರು ಏಣಿ ಹಾಕಿ ಬಾಲ ಬಿಚ್ಚಲು ಶುರುಮಾಡಿದರು. ಪಕ್ಕದಿಂದ ಇಳಿದ ಇನ್ನೊಬ್ಬರು ನೇರವಾಗಿ ಹೊಂಗೆ ಮರದ ಕೆಳಗೆ ಬಂದು ಕೂತು, ಕುಡಿಯಲು ನೀರು ಕೇಳಿದರು. ನಮ್ಮಪ್ಪ ಚೊಂಬಿನಲ್ಲಿ ಕೊಟ್ಟರು. ಕೊಡುವ ಮೊದಲು ಅಪ್ಪ, ನಾವು ಇಂಥವರು ಸಾ ಎಂದು ಹೇಳಿದರಂತೆ. ಅವರು ಕೈ ನೀಡಿ ಚೊಂಬು ಇಸಿದುಕೊಂಡು ಎತ್ತಿ ಕುಡಿದರು. ಬಟ್ಟೆಯೆಲ್ಲ ಸುಟ್ಟ ಎಣ್ಣೆಯ ವಾಸನೆ ಬರುತ್ತಿತ್ತು. ಹೆಲಿಕಾಪ್ಟರಿಗೆ ಬೆಂಕಿ ತಾಗಿರಲಿಲ್ಲ, ಹೊಗೆಯೂ ಇರಲಿಲ್ಲ. ಅದು ಹೇಗೆ ಎಂದು ಅವ್ವ ಈಗಲೂ ಕೇಳುತ್ತಾಳೆ.

ಸಂಜೆ ಬಿಸಿಲಿರುವಾಗಲೇ ಅದು ಮತ್ತೆ ಶಬ್ದ ಮಾಡಿತು. ಇಬ್ಬರು ಹತ್ತಿದರು. ಇವರು ಏಳಲಿಲ್ಲ. ಒಬ್ಬರು ಉಳಿದಿದ್ದಾರೆ ಎಂದು ನಾವೆಲ್ಲ ಕೈ ಬೀಸಿ ಕೂಗಿದೆವು. ಪೈಲಟ್ ನಮಗೂ ಕೈ ಬೀಸಿ ಎದ್ದುಹೋದರು. ಯಾರಾದರೂ ಹುಡುಕಿಕೊಂಡು ಬರುತ್ತಾರೆ ಎಂದು ಅಪ್ಪ ಕರೆದುಕೊಂಡು ಬಂದು ಜಗಲಿಯಲ್ಲಿ ಮಲಗಿಸಿದರು. ಯಾರೂ ಬರಲಿಲ್ಲ. ಅಪ್ಪ ನಂಜನಗೂಡಿಗೆ ಹೋಗಿ ಪೊಲೀಸರಿಗೆ ಹೇಳಿದರೆ, ಅಂಥ ಯಾರೂ ಕಾಣೆಯಾಗಿಲ್ಲ ಎಂದು ಕಳಿಸಿದರು.

ಅವರು ಹುಚ್ಚರಲ್ಲ. ನಾನು ಪಿಯುಸಿಯಲ್ಲಿ ಗಣಿತದಲ್ಲಿ ಫೇಲಾಗಿದ್ದೆ. ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ಬರೆದು ಅವರೇ ಹೇಳಿಕೊಟ್ಟರು. ನಾನು ಪಾಸಾಗಿ, ಟಿಸಿಎಚ್ ಮುಗಿಸಿ ಮೇಷ್ಟ್ರಮ್ಮ ಆದದ್ದು ಅವರಿಂದ. ನಾಲ್ಕು ವರ್ಷದ ಹಿಂದೆ ಅಪ್ಪ ತೀರಿಕೊಂಡಾಗ, ನಾವು ಬುದ್ಧವಂದನೆ ಹೇಳುವಾಗ ಅವರೂ ಜೊತೆಗೆ ಕೂತಿದ್ದರು. ಊರು ಕೇಳಿದರೆ, ‘ಹೊಳೆ ದಂಡೆ’ ಎನ್ನುತ್ತಾರೆ. ಅಷ್ಟೇ.

ಈ ಯುಗಾದಿಯಿಂದ ಅವರಿಗೆ ಏನೋ ಆಗುತ್ತಿದೆ. ನಂಜನಗೂಡಿನ ಆಸ್ಪತ್ರೆಯಲ್ಲಿ ಎಲ್ಲ ನೋಡಿ ಕಾಯಿಲೆ ಇಲ್ಲ ಎಂದರು. ಆದರೆ ಮೊನ್ನೆ ಮಳೆ ಬಿದ್ದ ಮೇಲೆ ಹೊಲಕ್ಕೆ ಬಂದಿದ್ದರು. ನಮ್ಮ ಹೆಜ್ಜೆಗಳು ಕೆಸರಿನಲ್ಲಿ ಹೂತುಹೋಗುತ್ತಿದ್ದವು. ಅವರ ಹೆಜ್ಜೆ ಮೂಡಿತ್ತೋ ಇಲ್ಲವೋ ಎಂದು ಬಗ್ಗಿ ನೋಡಬೇಕಾಯಿತು. ಇದನ್ನು ಅವ್ವನಿಗೆ ಹೇಳಿಲ್ಲ. ನಿಮಗೆ ಮಾತ್ರ ಬರೆಯುತ್ತಿದ್ದೇನೆ.

ಇಂದ್ರಾಣಿ

*

ಬೆಂಗಳೂರು
2-8-2004

ಇಂದ್ರಾಣಿ ಅವರಿಗೆ,

ಕೆಸರಿನ ವಿಷಯವನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಗಟ್ಟಿನೆಲದ ಮೇಲೆ ಕಾಲಿಟ್ಟಿರುತ್ತಾರೆ.

ತಮ್ಮ ಸಮಾಧಾನಕ್ಕಾಗಿ ಒಂದು ಫೋಟೊ ಇಟ್ಟಿದ್ದೇನೆ. ಆ ದಿನ ಬೆಳಿಗ್ಗೆ ಹೊರಡುವ ಮುಂಚೆ ಹೆಲಿಕಾಪ್ಟರಿನ ಮುಂದೆ ತೆಗೆದದ್ದು. ಎಂಟು ಜನ ಇದ್ದಾರೆ. ಹಾರಿದವರೂ ಕೆಳಗೆ ನಿಂತು ಕಳಿಸಿಕೊಟ್ಟವರೂ ಎಲ್ಲ ಇದರಲ್ಲಿದ್ದಾರೆ. ತಾಯಿಯವರಿಗೆ ತೋರಿಸಿ. ಇವರಲ್ಲಿ ಯಾರೂ ಅಲ್ಲವೆಂದಾದರೆ ವಿಷಯ ಇತ್ಯರ್ಥವಾದಂತೆ.

ಕೆಲಸ ಸಾಗಿದೆ. ಸೇನೆಯ ಹಸಿರು ಬಣ್ಣವನ್ನು ಕೆರೆದರೆ ಒಳಗೆ ಮೊದಲ ದಿನಗಳ ಬಿಳಿ, ಕಿತ್ತಳೆ ಪಟ್ಟಿ ಹಾಗೇ ಇವೆ. ನೋಡಿ ಕಣ್ಣು ತುಂಬಿ ಬಂತು. ರೆಕ್ಕೆಗಳು ವರ್ಷಗಟ್ಟಲೆ ಜೋತು ಬಾಗಿವೆ, ಆಸರೆ ಕೊಟ್ಟು ಕಟ್ಟಿದ್ದೇವೆ. ಒಂದು ಸಂಗತಿ ಮಾತ್ರ ಅರ್ಥವಾಗಲಿಲ್ಲ. ಒಳಗೆ, ಹಿಂದಿನ ಆಸನದ ಮೇಲ್ಗಡೆ, ಛಾವಣಿಯ ಬಣ್ಣ ತೆಗೆದಾಗ ಅದರ ಕೆಳಗೆ ಒಂದು ಪದರ ಮಸಿ ಕಂಡಿತು. ಇದಕ್ಕೆ ಎಂದೂ ಬೆಂಕಿ ಬಿದ್ದಿಲ್ಲ. ಶೆಡ್ಡಿನಲ್ಲಿದ್ದಾಗ ಯಾರೋ ಒಳಗೆ ಕೂತು ಟೀ ಕಾಯಿಸಿರಬೇಕು ಎಂದು ಹುಡುಗರು ಹೇಳುತ್ತಾರೆ. ಹಾಗಿದ್ದರೆ ಮಸಿ ಬಣ್ಣದ ಮೇಲಿರಬೇಕಿತ್ತು. ಇರಲಿ, ಮುಂದಿನ ತಿಂಗಳುಗಳಲ್ಲಿ ತೊಳೆಸುತ್ತೇವೆ.

ಗೋಪಾಲಕೃಷ್ಣ

*

ಹೆಡತಲೆ
20-10-2004

ಗೋಪಾಲಕೃಷ್ಣ ಅವರಿಗೆ,

ಉತ್ತರ ತಡವಾಯಿತು. ಫೋಟೊದಲ್ಲಿ ಯಾರನ್ನೂ ಗುರುತಿಸಲಾಗಲಿಲ್ಲ. ಈ ವಿಷಯವನ್ನು ಇಲ್ಲಿಗೆ ಬಿಡೋಣ. ತೊಂದರೆ ಕೊಟ್ಟದ್ದಕ್ಕೆ ಕ್ಷಮಿಸಿ.

ಎಡಗಡೆ ಕೊನೆಯಲ್ಲಿ ಕನ್ನಡಕ ಹಾಕಿ ನಿಂತಿರುವವರು ಈಗ ಬದುಕಿದ್ದಾರೆಯೇ? ಸುಮ್ಮನೆ ಕೇಳಿದೆ.

ಇಂದ್ರಾಣಿ

*

ಬೆಂಗಳೂರು
27-10-2004

ಇಂದ್ರಾಣಿ ಅವರಿಗೆ,

ಬದುಕಿದ್ದಾರೆ. ಅದು ನಾನೇ.

ತಾವು ಸುಮ್ಮನೆ ಕೇಳಿಲ್ಲ ಎಂದು ನನಗೆ ಅನ್ನಿಸುತ್ತಿದೆ. ನಾನೂ ತಮಗೆ ಎಲ್ಲವನ್ನೂ ಬರೆದಿರಲಿಲ್ಲ. ಆ ಹಾರಾಟದಲ್ಲಿ ಮೂರನೆಯವನಾಗಿ ಹೋಗಬೇಕಾಗಿದ್ದವನು ನಾನು. ಎಂಜಿನ್ ಶುರುವಾಗಿತ್ತು, ನನ್ನ ಒಂದು ಕಾಲು ಮೆಟ್ಟಿಲ ಮೇಲಿತ್ತು. ಆಗ ಆಫೀಸಿನಿಂದ ಒಬ್ಬರು ಓಡಿಬಂದು, ತಿರುಮಕೂಡಲು ನರಸೀಪುರದಿಂದ ಫೋನ್ ಬಂದಿದೆ ಎಂದರು. ಅದು ನನ್ನ ಊರು. ಅಕ್ಕ ಅಂಬುಜಮ್ಮ, ಭಾವ ಅಲ್ಲಿ ಇದ್ದರು. ಬಂದಮೇಲೆ ಮಾತಾಡೋಣ ಎಂದುಕೊಂಡೆ. ಆಮೇಲೆ ಏನನ್ನಿಸಿತೋ, ಇಳಿದುಬಿಟ್ಟೆ. ಭಾವ ಎದೆನೋವಿನಿಂದ ಬಿದ್ದಿದ್ದರು. ನಾನು ಊರಿಗೆ ಹೋದೆ. ಮರುದಿನ ಅವರು ನನ್ನ ತೊಡೆಯ ಮೇಲೆ ತಲೆಯಿಟ್ಟು ಹೋದರು. ನನಗಾಗಿ ಕಾಯದೆ ಮುರಳೀಧರ, ದೇವಯ್ಯ ಇಬ್ಬರೇ ಹೊರಟರು ಎಂದು ನಾನು ತಿಳಿದುಕೊಂಡಿದ್ದೆ.

ದೇವಯ್ಯ ಈಗಿಲ್ಲ. ಮುರಳೀಧರ ಪುಣೆಯಲ್ಲಿದ್ದಾರೆ. ತಮ್ಮ ಈ ಪತ್ರ ಬಂದ ದಿನ ಅವರಿಗೆ ಫೋನ್ ಮಾಡಿದೆ. ಹೆಡತಲೆಯಲ್ಲಿ ಇಳಿದಾಗ ಇನ್ನಾರಾದರೂ ಜೊತೆಗಿದ್ದರೇ ಎಂದು ಕೇಳಿದೆ. “ನೀನಿದ್ದೆಯಲ್ಲ ಗೋಪಿ” ಎಂದರು ಅವರು.

ಬಾಲದಲ್ಲಿ ನಡುಕ ಇದೆ, ಇಳಿಸು ಎಂದು ಅವರಿಗೆ ಹೆಡ್‌ಫೋನಿನಲ್ಲಿ ಮೊದಲು ಹೇಳಿದ್ದು ನಾನಂತೆ. ಹೊಲದಲ್ಲಿ ನಾನು ಇಳಿದದ್ದನ್ನು, ಮರದ ಕೆಳಗೆ ನೀರು ಕುಡಿದದ್ದನ್ನು ಅವರು ನೋಡಿದ್ದಾರೆ. ಹೊರಡುವಾಗ ಹಿಂದೆ ಹತ್ತಿದ್ದೇನೆ ಎಂದೇ ಅಂದುಕೊಂಡಿದ್ದರು. ಊಟಿಯಲ್ಲಿ ಇಳಿದಾಗ ನಾನಿರಲಿಲ್ಲ. ಬೆಂಗಳೂರಿಗೆ ಫೋನ್ ಮಾಡಿ ಕೇಳಿದರೆ, ಆತ ಬರಲೇ ಇಲ್ಲವಲ್ಲ, ನರಸೀಪುರಕ್ಕೆ ಹೋದ ಎಂದರಂತೆ. ಇದನ್ನು ಬಾಯಿಬಿಟ್ಟರೆ ತಲೆ ಕೆಟ್ಟಿದೆ ಎಂದು ಹಾರಾಟ ನಿಲ್ಲಿಸುತ್ತಾರೆ ಎಂಬ ಭಯಕ್ಕೆ ಸುಮ್ಮನಿದ್ದುಬಿಟ್ಟರು. ಆಮೇಲೆ ನಾವಿಬ್ಬರೂ ಭೇಟಿಯಾದಾಗಲೆಲ್ಲ ಅವರು ನನ್ನನ್ನು ಒಂದು ಥರ ನೋಡುತ್ತಿದ್ದರು. ಅದು ಏಕೆಂದು ಈಗ ಗೊತ್ತಾಯಿತು.

ಆ ಪ್ರಶ್ನೆ ಏಕೆ ಕೇಳಿದಿರಿ? ದಯವಿಟ್ಟು ಮುಚ್ಚಿಡಬೇಡಿ.

ಗೋಪಾಲಕೃಷ್ಣ

*

ಹೆಡತಲೆ
5-12-2004

ಸರ್,

ಬರೆಯಬಾರದು ಎಂದು ಅವ್ವ ಆಣೆ ಹಾಕಿಸಿದ್ದಳು. ಈಗ ಅವಳೇ ಬರೆ ಎನ್ನುತ್ತಿದ್ದಾಳೆ.

ನೀವು ಕಳಿಸಿದ ಫೋಟೊ ನೋಡಿದ ಕೂಡಲೇ ನಮಗೆ ಗೊತ್ತಾಯಿತು. ಎಡಗಡೆಯ ಕೊನೆಯವರೇ ನಮ್ಮ ಮನೆಯಲ್ಲಿರುವವರು. ಹೋಲಿಕೆ ಎನ್ನಲಾರೆ. ಗಲ್ಲದ ಮೇಲಿನ ಗೆರೆ, ಕನ್ನಡಕದ ಬಲಗಡೆ ಕಡ್ಡಿಗೆ ಸುತ್ತಿದ ದಾರ, ಎಲ್ಲ ಅದೇ. ಇನ್ನೊಂದು ವಿಷಯವನ್ನು ನಾವು ಅಲ್ಲಿಯವರೆಗೆ ಗಮನಿಸಿಯೇ ಇರಲಿಲ್ಲ. ಎಂಟು ವರ್ಷದಲ್ಲಿ ನಮ್ಮವ್ವನ ತಲೆ ಪೂರ್ತಿ ನೆರೆತಿದೆ. ಅವರು ಫೋಟೊದಲ್ಲಿ ಇರುವ ಹಾಗೆಯೇ ಇದ್ದಾರೆ. ದಿನಾ ನೋಡುವವರಿಗೆ ಕಾಣಲಿಲ್ಲ. ಫೋಟೊ ಕೈಯಲ್ಲಿ ಹಿಡಿದು ನೋಡಿದಾಗ ಕಂಡಿತು.

ಅವ್ವ ಹೆದರಿದಳು. ನೀವು ಬಂದು ಕರೆದುಕೊಂಡು ಹೋಗುತ್ತೀರಿ ಎಂದಲ್ಲ. ಇವರು ಯಾರು ಎಂಬುದು ಗೊತ್ತಾಗಿಬಿಟ್ಟರೆ ಇವರು ಇರುವುದಿಲ್ಲ ಎಂದು ಅವಳಿಗೆ ಅನ್ನಿಸಿತಂತೆ. ಅದಕ್ಕೇ ಹಾಗೆ ಬರೆಸಿದಳು. ಬಿಡಬೇಕು ಎಂದು ನನಗೂ ಇರಲಿಲ್ಲ ಸರ್. ಅಪ್ಪ ಹೋದ ಮೇಲೆ ನಾನು ಶಾಲೆಯಿಂದ ಬರುವಾಗ ಬಸ್ ಸ್ಟಾಪಿಗೆ ಬಂದು ನಿಲ್ಲುತ್ತಿದ್ದವರು ಅವರು.

ದೀಪಾವಳಿಯ ಸಮಯದಲ್ಲಿ ಫೋಟೊ ಅವರ ಕೈಗೇ ಸಿಕ್ಕಿತು. ಹಗಲು ಹನ್ನೆರಡರ ಬಿಸಿಲಿನಲ್ಲಿ ಜಗಲಿಯಲ್ಲಿ ಕೂತು ನೋಡುತ್ತಿದ್ದರು. ನಿಮ್ಮ ಮುಖದ ಮೇಲೆ ಬೆರಳಿಟ್ಟು, “ಇವನು ಇದ್ದಾನೇನಮ್ಮ?” ಎಂದು ಕೇಳಿದರು. ಬೆಂಗಳೂರಿನಲ್ಲಿ ಇದ್ದಾರೆ ಎಂದೆ. “ಹಾಗಾದರೆ ಸರಿ” ಎಂದು ಫೋಟೊ ವಾಪಸು ಕೊಟ್ಟರು.

ಈಗ ತೀರಾ ಇಳಿದುಹೋಗಿದ್ದಾರೆ. ಊಟ ಮಾಡುತ್ತಾರೆ, ಆದರೆ ಅವರು ಎದ್ದ ಚಾಪೆಯ ಮೇಲೆ ಮಲಗಿದ ಗುರುತೇ ಇರುವುದಿಲ್ಲ. ಬಿಸಿಲಿನಲ್ಲಿ ನಿಂತರೆ ಅವರ ನೆರಳು ನಮ್ಮದರಷ್ಟು ಕಪ್ಪಾಗಿಲ್ಲ. ಹಿಂದಿನ ಆಸನದ ಮೇಲೆ ಮಸಿ ಇದೆ ಎಂದು ನೀವು ಬರೆದಿದ್ದನ್ನು ನಾನು ಅವ್ವನಿಗೆ ಓದಿ ಹೇಳಿದ್ದೆ. ನಿನ್ನೆ ರೊಟ್ಟಿ ತಟ್ಟುತ್ತಿದ್ದವಳು ಇದ್ದಕ್ಕಿದ್ದ ಹಾಗೆ ಕೈ ನಿಲ್ಲಿಸಿ ಹೇಳಿದಳು:

“ಆ ಮಸಿ ತೊಳೀಬ್ಯಾಡಿ ಅಂತ ಬರಿ ಕಣವ್ವ. ಅದ ತೊಳುದ್ರೆ ಈ ಅಯ್ಯನೂ ಓಯ್ತಾನೆ.”

ನಾನು ಓದಿದವಳು, ಇದನ್ನೆಲ್ಲ ಬರೆಯಲು ನಾಚಿಕೆಯಾಗಬೇಕಿತ್ತು. ಆಗುತ್ತಿಲ್ಲ. ತೊಳೆಯಬೇಡಿ ಸರ್.

ಇಂದ್ರಾಣಿ

*

ಬೆಂಗಳೂರು
10-12-2004

ಇಂದ್ರಾಣಿ,

ನಿಮ್ಮ ಪತ್ರ ಓದಿದವನೇ ಸಂಗ್ರಹಾಲಯಕ್ಕೆ ಹೋದೆ. ಮಸಿಯನ್ನು ಹಿಂದಿನ ವಾರವೇ ತೊಳೆದಾಗಿದೆ. ಛಾವಣಿ ಹೊಸದರ ಹಾಗೆ ಹೊಳೆಯುತ್ತಿದೆ. ಮೂಲೆಯಲ್ಲಿ ಒಂದು ಬೆರಳಗಲ ಉಳಿದಿತ್ತು, ಅದನ್ನು ಮುಟ್ಟಬೇಡಿ ಎಂದು ಹೇಳಿ ಬಂದಿದ್ದೇನೆ. ಹುಡುಗರು ಕಾರಣ ಕೇಳಿದರು. ಏನು ಹೇಳಲಿ?

ನನಗೆ ನಂಬಿಕೆ ಇದೆಯೋ ಇಲ್ಲವೋ ನನಗೇ ತಿಳಿಯದು. ನಿದ್ದೆ ಮಾತ್ರ ಬರುತ್ತಿಲ್ಲ. ನಾನು ಬರುತ್ತೇನೆ. ಬರಲು ನಿಮ್ಮ ತಾಯಿಯವರ ಒಪ್ಪಿಗೆ ಬೇಕು. ಅವರನ್ನು ಕೇಳಿ ಒಂದು ಸಾಲು ಬರೆಯಿರಿ.

ಗೋಪಾಲಕೃಷ್ಣ

*

ಹೆಡತಲೆ
2-1-2005

ಸರ್,

ಬನ್ನಿ ಎನ್ನುತ್ತಾಳೆ ಅವ್ವ. “ಅವ್ರು ಬಂದ್ರೂ ಓಯ್ತಾನೆ, ಬರ್ದಿದ್ರೂ ಓಯ್ತಾನೆ. ಬಂದ್ರೆ ಮನೆಗಾರಾ ಓಗ್ಲಿ” ಎಂದಳು. ಸಂಕ್ರಾಂತಿಯ ಹಿಂದೆ ಮುಂದೆ ಬನ್ನಿ. ನಂಜನಗೂಡಿನಿಂದ ಬಸ್ಸು ಇದೆ. ಯಾರನ್ನು ಕೇಳಿದರೂ ಮನೆ ತೋರಿಸುತ್ತಾರೆ. ಆದರೆ ನಿಮ್ಮನ್ನು ನೋಡಿ ಅವರು ಗಾಬರಿಯಾದರೆ ತಪ್ಪು ತಿಳಿಯಬೇಡಿ.

ಇಂದ್ರಾಣಿ

*

ಹೆಡತಲೆ
9-2-2005

ಸರ್,

ನೀವು ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗಿ ಮೂರು ವಾರದ ಮೇಲಾಯಿತು. ಒಂದು ಸುದ್ದಿಯೂ ಇಲ್ಲ. ಬೆಂಗಳೂರಿನ ವಿಳಾಸಕ್ಕೆ ಬರೆದ ಎರಡು ಕಾಗದಗಳಿಗೂ ಉತ್ತರವಿಲ್ಲ. ಅದಕ್ಕೆ ನಿಮ್ಮ ಅಕ್ಕನವರ ಮನೆಗೆ ಬರೆಯುತ್ತಿದ್ದೇನೆ.

ಅವ್ವ ಈಗಲೂ ಅಳತೆ ತಪ್ಪಿ ಮೂರು ಜನಕ್ಕಾಗುವಷ್ಟು ಮುದ್ದೆ ತೊಳಸುತ್ತಾಳೆ. ನೀವಿಬ್ಬರೂ ಜಗಲಿಯ ಮೇಲೆ ಅಕ್ಕಪಕ್ಕ ಕೂತಿದ್ದನ್ನು ನೋಡಿದ ಊರಿನವರು, ಅಣ್ಣ ಬಂದು ತಮ್ಮನನ್ನು ಕರೆದುಕೊಂಡು ಹೋದ ಎಂದು ಮಾತಾಡಿಕೊಳ್ಳುತ್ತಾರೆ. ನಾವು ಹೌದು ಎನ್ನುತ್ತೇವೆ. ಹೋಗುವಾಗ ಅವರು ನನ್ನ ತಲೆ ಮುಟ್ಟಿದರು. ಕೈ ಇಟ್ಟದ್ದು ಕಂಡಿತು, ತಲೆಗೆ ಗೊತ್ತಾಗಲಿಲ್ಲ. ಅವತ್ತು ನಿಮ್ಮ ಮುಂದೆ ಇದನ್ನು ಹೇಳಲು ಆಗಲಿಲ್ಲ.

ಹೇಗಿದ್ದಾರೆ? ಒಂದು ಸಾಲಾದರೂ ಬರೆಯಿರಿ.

ಇಂದ್ರಾಣಿ

*

ತಿರುಮಕೂಡಲು ನರಸೀಪುರ
16-2-2005

ಇಂದ್ರಮ್ಮ,

ಕಾಯಿಸಿದೆ. ಬರೆಯಲು ಕೂತರೆ ಕೈ ಓಡುತ್ತಿರಲಿಲ್ಲ. ಇವತ್ತು ಬರೆಯಬಲ್ಲೆ ಎನ್ನಿಸುತ್ತಿದೆ. ನಿನ್ನ ತಾಯಿಗೆ ಓದಿ ಹೇಳು.

ನಿಮ್ಮ ಜಗಲಿಯಲ್ಲಿ ನಾವಿಬ್ಬರೂ ಮಾತಾಡಲಿಲ್ಲ, ನೀನು ನೋಡಿದೆ. ಕಾರು ತಾಂಡವಪುರ ದಾಟಿದ ಮೇಲೆ ಅವನು ಮೊದಲ ಮಾತಾಡಿದ. “ಭಾವನಿಗೆ ಏನಾಯಿತು?” ಎಂದು ಕೇಳಿದ. ಕೇಳಿದ್ದು ನನ್ನದೇ ದನಿ. ಮರುದಿನ ಹೋದರು, ನಾನು ಹತ್ತಿರವಿದ್ದೆ ಎಂದೆ. ಅವನು ಕಿಟಕಿಯ ಕಡೆ ತಿರುಗಿಕೊಂಡು, “ಫೋನ್ ಬಂದಿದೆ ಅಂದರು. ಬಂದಮೇಲೆ ಮಾತಾಡ್ತೀನಿ ಅಂತ ಹತ್ತಿಬಿಟ್ಟೆ” ಎಂದ. ಅವತ್ತು ಮೆಟ್ಟಿಲ ಮೇಲೆ ಇಟ್ಟಿದ್ದ ಆ ಕಾಲನ್ನು ನಾನು ತೆಗೆದಿದ್ದೆ. ಅವನು ತೆಗೆದಿರಲಿಲ್ಲ.

ಬೆಂಗಳೂರಿನಲ್ಲಿ ಡಾಕ್ಟರಿಗೆ ತೋರಿಸಬೇಕೆಂದಿದ್ದೆ. ಅವನು ಮೊದಲು ಹೆಲಿಕಾಪ್ಟರ್ ನೋಡಬೇಕು ಎಂದ. ಸಂಗ್ರಹಾಲಯಕ್ಕೆ ಹೋದಾಗ ಮಧ್ಯಾಹ್ನ, ಶಾಲೆಯ ಮಕ್ಕಳು ಸಾಲಾಗಿ ಹೊರಗೆ ಹೋಗುತ್ತಿದ್ದರು. ಬಾಗಿಲು ಕಾಯುವ ಪುಟ್ಟಬಸವಯ್ಯ, “ನಿಮ್ ತಮ್ಮನಾ ಸಾ?” ಎಂದು ಕೇಳಿ ನಮಸ್ಕಾರ ಮಾಡಿದ. ಎಲ್ಲರಿಗೂ ಅವನು ಕಾಣುತ್ತಿದ್ದ, ಅದನ್ನು ಹೇಳಬೇಕು. ಹೆಲಿಕಾಪ್ಟರ್ ಬಿಳಿ ಬಣ್ಣ, ಕಿತ್ತಳೆ ಪಟ್ಟಿಯಲ್ಲಿ ಮೊದಲ ದಿನ ಹಾರಿದಾಗ ಇದ್ದ ಹಾಗೇ ನಿಂತಿತ್ತು. ನಾನು ಹೆಮ್ಮೆಯಿಂದಲೇ ಕರೆದುಕೊಂಡು ಹೋದೆ. ಅವನು ಸುತ್ತು ಹಾಕಿದ. ಬಾಲದ ಹತ್ತಿರ ನಿಂತು ಅಂಗೈಯಿಂದ ಸವರಿದ. ಹಿಂದಿನ ಆಸನದಲ್ಲಿ ಕೂತು ಮೇಲೆ ನೋಡಿದ. ಮೂಲೆಯಲ್ಲಿ ಉಳಿಸಿದ್ದ ಮಸಿಯನ್ನು ಬೆರಳಿನಲ್ಲಿ ಮುಟ್ಟಿ, ಮೂಸಿ, ಕೆಳಗಿಳಿದ.

“ಇದಲ್ಲ” ಎಂದ.

ಇದೇ, ಎರಡನೆಯದು, ಹೆಡತಲೆಯಲ್ಲಿ ಇಳಿದದ್ದು ಎಂದೆ.

“ಅದೇ ಹೇಳಿದ್ದು. ಇದು ಇಳೀತು. ನಾನು ಹತ್ತಿದ್ದು ಇಳೀಲಿಲ್ಲ ಕಣೋ. ಬಾಲ ಮುರೀತು, ಬೆಂಕಿ ಹತ್ತಿತು. ಇಳಿಸು, ಇಳಿಸು ಅಂತ ಮುರಳಿಗೆ ಕೂಗ್ತಾ ಇದ್ದೆ. ಕಣ್ಣು ಬಿಟ್ಟರೆ ಹುರುಳಿ ಹೊಲ.”

ಅಷ್ಟು ದೊಡ್ಡ ಹಾಲಿನಲ್ಲಿ ನಮ್ಮನ್ನು ಬಿಟ್ಟರೆ ಯಾರೂ ಇರಲಿಲ್ಲ. ಬಿಸಿಲು ಕಿಟಕಿಯಿಂದ ಬಂದು ನೆಲದ ಮೇಲೆ ಬಿದ್ದಿತ್ತು. ಅವನು ಬಿಸಿಲಿನಲ್ಲೇ ನಿಂತಿದ್ದ. ನೆಲದ ಮೇಲೆ ನನ್ನ ನೆರಳೊಂದೇ ಇತ್ತು. ಅವನು ಕೂಗಿದ್ದು ಮುರಳೀಧರನಿಗೆ ಕೇಳಿಸಿದೆ ಇಂದ್ರಮ್ಮ, ಅವನ ಮುರಳೀಧರನಿಗೆ ಅಲ್ಲ, ನಮ್ಮವನಿಗೆ. ನಡುಕವನ್ನು ಬೇರೆ ಯಾರೂ ಗಮನಿಸಿರಲಿಲ್ಲ ಎಂದು ಮುರಳೀಧರ ಆಮೇಲೆ ಫೋನಿನಲ್ಲಿ ಹೇಳಿದರು. ಆ ದನಿ ಬಾರದಿದ್ದರೆ ಅವರೂ ದೇವಯ್ಯನೂ ಅಂದೇ ಸುಟ್ಟುಹೋಗುತ್ತಿದ್ದರು.

ಡಾಕ್ಟರ ಹತ್ತಿರ ಹೋಗಲು ಅವನು ಒಪ್ಪಲಿಲ್ಲ. ಊರಿಗೆ ಕರೆದುಕೊಂಡು ಹೋಗು ಎಂದ. ಇಲ್ಲಿಗೆ ಬಂದೆವು. ಅಕ್ಕನಿಗೆ ಮೊದಲೇ ಏನೂ ತಿಳಿಸಿರಲಿಲ್ಲ. ಬಾಗಿಲು ತೆಗೆದವಳು ನನ್ನನ್ನು ನೋಡಿದಳು, ಅವನನ್ನು ನೋಡಿದಳು. ಕಿರುಚುತ್ತಾಳೆ ಎಂದುಕೊಂಡೆ. ಒಳಗೆ ಹೋಗಿ ಎರಡು ತಂಬಿಗೆ ನೀರು ತಂದಿಟ್ಟಳು. ಎರಡು ಎಲೆ ಹಾಕಿದಳು. ಬಡಿಸುವಾಗ ಅವನಿಗೆ, “ಇಷ್ಟು ದಿನ ಎಲ್ಲಿ ಊಟ ಮಾಡ್ತಿದ್ದೆಯೋ?” ಎಂದು ಕೇಳಿದಳು. ಹೆಡತಲೆಯ ಮುದ್ದಮ್ಮನ ಮನೆಯಲ್ಲಿ ಎಂದ. ನಿಮ್ಮ ಕೇರಿಯ ಹೆಸರನ್ನೂ ಹೇಳಿದ. ಅಕ್ಕನ ಕೈಯಲ್ಲಿ ಸೌಟು ಸ್ವಲ್ಪ ನಿಂತಿತು. ಆಮೇಲೆ, “ಚೆನ್ನಾಗಿ ನೋಡಿಕೊಂಡರಾ?” ಎಂದಳು. ಅವನು, “ಮಗಳಿಗೆ ಲೆಕ್ಕ ಹೇಳಿಕೊಟ್ಟೆ. ಟೀಚರ್ ಆಗಿದ್ದಾಳೆ” ಎಂದ. ಅದನ್ನು ಹೇಳುವಾಗ ಅವನ ಮುಖ ನೋಡಬೇಕಿತ್ತು ನೀನು. ನನ್ನ ಮುಖದಲ್ಲಿ ನಾನು ಎಂದೂ ಅದನ್ನು ಕಂಡಿಲ್ಲ. ಈ ಎಂಟು ವರ್ಷ ಬದುಕಿದ್ದವನು ನಾನು. ಯಾರಿಗೂ ಏನೂ ಹೇಳಿಕೊಟ್ಟವನಲ್ಲ.

ಕೆಲವು ದಿನ ಇದ್ದ. ಅಕ್ಕನ ಜೊತೆ ಭಾವನ ವಿಷಯ ಮಾತಾಡುತ್ತಿದ್ದ. ಚಿಕ್ಕಂದಿನದನ್ನೆಲ್ಲ ನನಗಿಂತ ಚೆನ್ನಾಗಿ ನೆನಪಿಟ್ಟುಕೊಂಡಿದ್ದ. ಒಂದು ಬೆಳಿಗ್ಗೆ ಹೊಳೆಗೆ ಹೋಗಿಬರುತ್ತೇನೆ ಎಂದು ಟವಲು ಹೆಗಲಿಗೆ ಹಾಕಿಕೊಂಡ. ಅಕ್ಕನೂ ನಾನೂ ಜೊತೆಗೆ ಹೋದೆವು. ಈ ಕಾಲದಲ್ಲಿ ಮೆಟ್ಟಿಲ ಹತ್ತಿರ ನೀರು ಮೊಣಕಾಲುದ್ದ ಇರುತ್ತದೆ. ಬಟ್ಟೆ ಒಗೆಯುವವರಿದ್ದರು, ಎಳೆಬಿಸಿಲಿತ್ತು. ಅವನು ನೀರಿಗಿಳಿದು ನಮಗೆ ಬೆನ್ನು ಮಾಡಿ ನಿಂತ. ಆ ಕಡೆಯಿಂದ ಒಂದು ಹರಿಗೋಲು ಬಂದು ಅವನ ಮುಂದೆ ಹಾದುಹೋಯಿತು. ಹೋದ ಮೇಲೆ ನೀರಿನಲ್ಲಿ ಯಾರೂ ಇರಲಿಲ್ಲ. ಒಗೆಯುತ್ತಿದ್ದವರು ತಲೆ ಎತ್ತಲಿಲ್ಲ. ಹರಿಗೋಲಿನವನನ್ನು ಕರೆದು ಕೇಳಿದೆ. ಯಾರನ್ನು ಸ್ವಾಮಿ, ಅಲ್ಲಿ ಯಾರೂ ನಿಂತಿರಲಿಲ್ಲವಲ್ಲ ಎಂದ. ಆದರೂ ನಾನು ಇಳಿದು ಆ ಮೊಣಕಾಲುದ್ದದ ನೀರನ್ನು ಎರಡು ಕೈಯಲ್ಲೂ ತಡಕಾಡಿದೆ. ಸಾಕು ಬಾ ಎಂದು ಅಕ್ಕನೇ ದಡಕ್ಕೆ ಕರೆದಳು.

ಹೆಲಿಕಾಪ್ಟರಿನ ಚರಿತ್ರೆಯನ್ನು ಬರೆದು ಸಂಗ್ರಹಾಲಯಕ್ಕೆ ಕಳಿಸಿದ್ದೇನೆ. ಹೆಡತಲೆಯ ಹೊಲದಲ್ಲಿ ಇಳಿಯಿತು, ಮಾದು ಎಂಬ ರೈತರು ಇಳಿದವರಿಗೆ ನೀರು ಕೊಟ್ಟರು, ಸಂಜೆ ಮುಂದಕ್ಕೆ ಹಾರಿತು ಎಂದು ಬರೆದೆ. ಎಷ್ಟು ಜನ ಇಳಿದರು ಎಂಬುದನ್ನು ಬಿಟ್ಟಿದ್ದೇನೆ.

ಇವತ್ತು ಸಂಗಮದಲ್ಲಿ ಕರ್ಮ ಮಾಡಿಸಿದೆ. ಮಾಡದೆ ಬಿಡಬಾರದು ಎಂದು ಅಕ್ಕ ಹಟ ಹಿಡಿದಳು. ಪುರೋಹಿತರು ದೂರದಿಂದ ಬಂದ ಹೊಸಬರು, ನಮ್ಮ ಮನೆಯ ಪರಿಚಯವಿಲ್ಲ. ಮೊದಲು ಮಾಡುವವನ ಹೆಸರು, ಗೋತ್ರ, ನಕ್ಷತ್ರ ಕೇಳಿದರು. ಹೇಳಿದೆ. ಆಮೇಲೆ, ಹೋದವರು ಏನಾಗಬೇಕು ಎಂದು ಕೇಳಿದರು. ಹಿಂದೆ ನಿಂತಿದ್ದ ಅಕ್ಕ, “ನನ್ನ ತಮ್ಮ” ಎಂದಳು.

“ಹೆಸರು?”

“ಗೋಪಾಲಕೃಷ್ಣ” ಎಂದೆ.

“ನಿಮ್ಮ ಹೆಸರು ಆಗಲೇ ಹೇಳಿದಿರಿ. ಹೋದವರದು ಕೇಳಿದೆ.”

“ಅದೇ” ಎಂದೆ.

ಅವರು ನನ್ನನ್ನೂ ಅಕ್ಕನನ್ನೂ ನೋಡಿದರು. ಅಂಗೈಗೆ ಎಳ್ಳು ಹಾಕಿ, ನನ್ನ ಹೆಸರು ಹಿಡಿದು ಮಂತ್ರ ಹೇಳಿ, ನೀರು ಬಿಡಿ ಎಂದರು. ಬಿಟ್ಟೆ.

ಗೋಪಾಲಕೃಷ್ಣ